ಸಹಿ ನಮ್ಮದು, ಷರತ್ತು ಯಾರದು?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಸಂಘದ ನಾಲ್ವರನ್ನು ಜಿಲ್ಲಾ ಕೇಂದ್ರದ ಒಂದು ಸಭಾಂಗಣಕ್ಕೆ ಕರೆಸಲಾಗಿತ್ತು. ಕೌಟುಂಬಿಕ ದೌರ್ಜನ್ಯ ತಡೆಯಲು ಆಸ್ಪತ್ರೆ, ಪೊಲೀಸ್ ಠಾಣೆ, ಕಾನೂನು ಕಾಲೇಜು, ಒಂದು ಕಂಪನಿ, ರಾಜಧಾನಿಯ ಒಂದು ದೊಡ್ಡ ಸ್ವಯಂಸೇವಾ ಸಂಸ್ಥೆ ಮತ್ತು ‘ಸಮುದಾಯ’ ಎಲ್ಲರೂ ಕೂಡಿ ಒಂದೇ ಅರ್ಜಿ ಹಾಕಿ ಅನುದಾನ ಪಡೆಯುವ ಯೋಜನೆ ಅದು. ‘ಸಮುದಾಯ’ ಎಂದರೆ ನಾವು. ಅರ್ಜಿ ಆಗಲೇ ಸಿದ್ಧವಾಗಿತ್ತು. ಇಂಗ್ಲಿಷಿನಲ್ಲಿತ್ತು, ಕೈಯಲ್ಲಿ ಹಿಡಿದರೆ ಮದುವೆಯ ಆಲ್ಬಮ್ಮಿನಷ್ಟು ದಪ್ಪವಿತ್ತು. ನಮ್ಮ ಬೆಂಬಲ ಪತ್ರವನ್ನೂ ಅವರೇ ಟೈಪು ಮಾಡಿಸಿ ತಂದಿದ್ದರು. ನಾವು ಸಹಿ ಹಾಕಿ ಸಂಘದ ಮೊಹರು ಒತ್ತುವುದಷ್ಟೇ ಬಾಕಿ.

“ಸರ್, ಇದ್ರಾಗ ಏನ್ ಬರದೀರಿ, ಒಂದಿಷ್ಟು ಓದಿ ಹೇಳ್ರಿ” ಎಂದು ನಮ್ಮ ಹಿರಿಯ ಸದಸ್ಯೆಯೊಬ್ಬರು ಕೇಳಿದರು. ಸಂಯೋಜಕರು ಗಡಿಯಾರ ನೋಡಿಕೊಂಡು, “ಅಮ್ಮಾ, ನಾಳೆ ಕೊನೆಯ ದಿನ. ಹಣ ಬರಲಿ, ಆಮೇಲೆ ಎಲ್ಲ ಕೂತು ಮಾತಾಡೋಣ” ಎಂದರು. ನಮ್ಮ ಜೊತೆಗಿದ್ದ, ಬಿ.ಎ. ಓದಿದ ಹುಡುಗಿ ಅಷ್ಟರಲ್ಲಿ ಪುಟ ತಿರುವುತ್ತಿದ್ದಳು. ಹಿಂಬದಿಯ ಒಂದು ಕೋಷ್ಟಕದಲ್ಲಿ ಆಕೆಯ ಬೆರಳು ನಿಂತಿತು. ಯೋಜನೆಯ ಸಾಧನೆಯನ್ನು ಅಳೆಯುವ ಪಟ್ಟಿ ಅದು. ಅದರ ಮೊದಲ ಸಾಲು: ‘ಮತ್ತೆ ಒಂದುಗೂಡಿಸಿದ ಕುಟುಂಬಗಳ ಸಂಖ್ಯೆ’. ಅದರ ಎದುರು ಒಂದು ದೊಡ್ಡ ಅಂಕಿ.

ನಾವು ಸಹಿ ಹಾಕಲಿಲ್ಲ. ಅಂದಿನಿಂದ ನಮ್ಮನ್ನು ಹಟಮಾರಿಗಳು, ಬಂದ ಹಣಕ್ಕೆ ಕಲ್ಲು ಹಾಕಿದವರು ಎಂದು ಕರೆಯಲಾಗುತ್ತಿದೆ. ಕೆಲವು ಗೆಳತಿಯರೂ ಬೇಸರಪಟ್ಟುಕೊಂಡಿದ್ದಾರೆ. ಇಂಥ ಕೂಡು ಅರ್ಜಿಗಳು ಈಗ ಪ್ರತಿ ಜಿಲ್ಲೆಯಲ್ಲೂ ಸಂಘಗಳ ಬಾಗಿಲಿಗೆ ಬರುತ್ತಿರುವುದರಿಂದ ನಮ್ಮ ನಿಲುವನ್ನು ಈ ಪುಟಗಳಲ್ಲಿ ಬಿಚ್ಚಿ ಹೇಳಬೇಕಾಗಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೂಡಿ ಕೆಲಸ ಮಾಡುವುದಕ್ಕೆ ನಮ್ಮ ವಿರೋಧವಿಲ್ಲ. ಹೊಡೆತ ತಿಂದ ಹೆಂಗಸು ನಡೆಯುವ ದಾರಿಯನ್ನು ಒಮ್ಮೆ ನೋಡಿ. ಕೈ ಮುರಿದರೆ ಆಸ್ಪತ್ರೆ. ಅಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದು ಬರೆದರೆ ಮುಂದೆ ನ್ಯಾಯಾಲಯದಲ್ಲಿ ಆಕೆಗೆ ಸಾಕ್ಷಿ ಇಲ್ಲ. ಠಾಣೆಗೆ ಹೋದರೆ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕೇಳಿ ವಾಪಸು ಬರಬೇಕು. ವಕೀಲರ ಫೀಜು, ಮಕ್ಕಳ ಶಾಲೆ, ಬಾಡಿಗೆ ಮನೆ, ಕೂಲಿ ತಪ್ಪಿದ ದಿನಗಳು ಒಂದರ ಹಿಂದೊಂದು ಬರುತ್ತವೆ. ಇದನ್ನೆಲ್ಲ ಯಾವ ಸಂಘವೂ ಒಂಟಿಯಾಗಿ ಹೊರಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದ ಪ್ರಮಾಣ ಶೇಕಡಾ 29. ಹಿಂಸೆ ಅನುಭವಿಸಿದವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶದಲ್ಲಿ ಶೇಕಡಾ 14 ಮಾತ್ರ. ಉಳಿದವರು ಯಾವ ಬಾಗಿಲನ್ನೂ ತಟ್ಟಿಲ್ಲ. ತಟ್ಟಿದ ಒಂದೊಂದು ಬಾಗಿಲೂ ಆಕೆಯನ್ನು ಇನ್ನೊಂದು ಬಾಗಿಲಿಗೆ ಅಟ್ಟುವುದನ್ನು ನೋಡಿಯೇ ಎಷ್ಟೋ ಮಂದಿ ಮನೆಯಲ್ಲೇ ಉಳಿದಿದ್ದಾರೆ.

ಆದರೆ ಈ ಕೂಡುವಿಕೆ ಯಾವ ದಾನಿ ಸಂಸ್ಥೆಯೂ ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. ಮಹಿಳಾ ಚಳವಳಿ ವರ್ಷಗಟ್ಟಲೆ ಹೋರಾಡಿ ಪಡೆದ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲೇ ಇದು ಬರೆದಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾಯಿದೆಯ ಕಲಂಗಳನ್ನು ಸಾಲಾಗಿ ಓದಿ. ಪೊಲೀಸರ ಹೊಣೆ 5ನೇ ಕಲಮಿನಲ್ಲಿ, ಆಶ್ರಯಧಾಮದ್ದು 6ರಲ್ಲಿ, ಆಸ್ಪತ್ರೆಯದು 7ರಲ್ಲಿ, ಸಂರಕ್ಷಣಾಧಿಕಾರಿಯದು 8 ಮತ್ತು 9ರಲ್ಲಿ, ನಮ್ಮಂಥ ಸೇವಾ ಸಂಸ್ಥೆಗಳದ್ದು 10ರಲ್ಲಿ ಇದೆ. ಕಾನೂನು, ಗೃಹ, ಆರೋಗ್ಯ ಮುಂತಾದ ಇಲಾಖೆಗಳ ಕೆಲಸವನ್ನು ಒಂದಕ್ಕೊಂದು ಹೊಂದಿಸುವುದು ಸರ್ಕಾರದ ಕರ್ತವ್ಯ ಎಂದು 11ನೇ ಕಲಂ ಹೇಳುತ್ತದೆ. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು, 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು 12ನೇ ಕಲಂ ಹೇಳುತ್ತದೆ.

ಅಂದರೆ ಒಕ್ಕೂಟವನ್ನು ಸಂಸತ್ತೇ ಕಟ್ಟಿಕೊಟ್ಟಿದೆ. ಕೊಡದೇ ಇದ್ದದ್ದು ಅದಕ್ಕೆ ಬೇಕಾದ ಜನ ಮತ್ತು ಹಣ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ಅಂಗನವಾಡಿಗಳ ಉಸ್ತುವಾರಿ ನೋಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೇ ಏರಿಸಲಾಯಿತು. ಮೊಟ್ಟೆ, ಅಕ್ಕಿ, ಕಟ್ಟಡ, ತೂಕದ ಪಟ್ಟಿ ಎಲ್ಲ ಮುಗಿದ ಮೇಲೆ ಉಳಿದ ಸಮಯದಲ್ಲಿ ಅವರು ತಾಲ್ಲೂಕಿನ ಹೆಂಗಸರ ಪ್ರಾಣ ಕಾಯಬೇಕು! ಕಾಯಿದೆ ಬಂದು ಇಪ್ಪತ್ತು ವರ್ಷವಾದ ಮೇಲೂ, 2025ರ ಮೇ ತಿಂಗಳಲ್ಲಿ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಬೇಕಾಯಿತು. ಸರ್ಕಾರ ಬಿಟ್ಟ ಈ ಕಂದಕವನ್ನು ಈಗ ಅನುದಾನದ ಅರ್ಜಿಯಿಂದ ತುಂಬಿ ಎಂದು ನಮಗೆ ಹೇಳಲಾಗುತ್ತಿದೆ.

ಸರಿ, ತುಂಬಲು ಹೊರಟೆವು ಎಂದಿಟ್ಟುಕೊಳ್ಳಿ. ಹಣದ ದಾರಿ ಹೇಗಿದೆ?

ವಿದೇಶಿ ಹಣವಾದರೆ, 2020ರಲ್ಲಿ ತಿದ್ದಿದ ವಿದೇಶಿ ದೇಣಿಗೆ ಕಾಯಿದೆಯ ಪ್ರಕಾರ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅದಕ್ಕೂ ಮೊದಲು, ನೋಂದಣಿಯಿದ್ದ ದೊಡ್ಡ ಸಂಸ್ಥೆ ಹಣ ಪಡೆದು, ನೋಂದಣಿಯಿದ್ದ ಸಣ್ಣ ಸಂಸ್ಥೆಗಳಿಗೆ ಹಂಚಲು ಅವಕಾಶವಿತ್ತು. ಅದು ಮುಚ್ಚಿತು. ಆಡಳಿತ ವೆಚ್ಚದ ಮಿತಿಯನ್ನೂ ಶೇಕಡಾ 50ರಿಂದ 20ಕ್ಕೆ ಇಳಿಸಲಾಯಿತು. ಹೊಸದಾಗಿ ನೋಂದಣಿ ಪಡೆಯಬೇಕಾದರೆ ಸಂಸ್ಥೆಗೆ ಮೂರು ವರ್ಷ ವಯಸ್ಸಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು ಎಂಬ ನಿಯಮ ಬಂತು. ಹೊಲದ ಕೂಲಿ ಮಾಡಿ ವಾರಕ್ಕಿಷ್ಟು ಎಂದು ಉಳಿಸುವ ಹೆಂಗಸರ ಸಂಘ 15 ಲಕ್ಷ ಎಲ್ಲಿಂದ ತಂದೀತು?

ಕಂಪನಿಯ ಹಣವಾದರೆ 2013ರ ಕಂಪನಿ ಕಾಯಿದೆಯ 135ನೇ ಕಲಂ ಇದೆ. ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ ಎರಡನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಇದೆ, ಹೆಂಗಸರ ವಸತಿಗೃಹವೂ ಇದೆ. ಇದು ಕಂಪನಿಯ ಔದಾರ್ಯವಲ್ಲ, ಕಾನೂನಿನ ಕಟ್ಟು ಎಂಬುದನ್ನು ನಮ್ಮವರು ನೆನಪಿಡಬೇಕು. ಆದರೆ ಈ ಹಣ ಸ್ವಯಂಸೇವಾ ಸಂಸ್ಥೆಯ ಕೈಗೆ ಬರಬೇಕಾದರೆ ಜನ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆಯ ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಇನ್ನೊಂದು ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. ಇವೆಲ್ಲಕ್ಕೂ ಲೆಕ್ಕಪರಿಶೋಧಕರು ಬೇಕು, ಅವರಿಗೆ ಕೊಡಲು ಫೀಜು ಬೇಕು.

ಈ ಎರಡು ದಾರಿಗಳೂ ಕೊನೆಗೆ ಒಂದೇ ಮನೆಗೆ ಹೋಗಿ ಮುಟ್ಟುತ್ತವೆ. ಎಲ್ಲ ನೋಂದಣಿಯೂ ಇರುವ ದೊಡ್ಡ ಸಂಸ್ಥೆ ‘ಮುಖ್ಯ ಅರ್ಜಿದಾರ’ ಆಗುತ್ತದೆ. ಉಳಿದವರು ಆ ಮನೆಯ ಸೊಸೆಯಂದಿರು. ದುಡಿಮೆ ಅವರದು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಅಂದು ನಾವು ನೋಡಿದ ಬಜೆಟ್ಟಿನಲ್ಲಿ ಸಂಯೋಜಕರಿಗೆ ಸಂಬಳವಿತ್ತು, ಮೌಲ್ಯಮಾಪನದ ಸಲಹೆಗಾರರಿಗೆ ಶುಲ್ಕವಿತ್ತು, ಓಡಾಟಕ್ಕೆ ಕಾರಿತ್ತು. ರಾತ್ರಿ ಹನ್ನೊಂದಕ್ಕೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದವಳನ್ನು ಒಳಗೆ ಕರೆದು, ಅನ್ನ ಹಾಕಿ, ಬೆಳಗಿನ ತನಕ ಬಾಗಿಲಿಗೆ ಅಡ್ಡ ಮಲಗುವ ನಮ್ಮ ಸದಸ್ಯೆಯ ಎದುರು ಇದ್ದದ್ದು ಒಂದೇ ಪದ: ‘ಸ್ವಯಂಸೇವಕಿ’. ಆಕೆಯ ಆಟೋ ಬಾಡಿಗೆಗೂ ಅಲ್ಲಿ ಒಂದು ಸಾಲಿರಲಿಲ್ಲ. ಹೆಂಗಸಿನ ಆರೈಕೆಯ ಕೆಲಸಕ್ಕೆ ಬೆಲೆ ಕಟ್ಟದ ಮನೆಯ ಪದ್ಧತಿಯನ್ನು, ಅದರ ವಿರುದ್ಧ ಹೋರಾಡುವ ಯೋಜನೆಯೇ ಹೀಗೆ ಮುಂದುವರಿಸಬೇಕೇ?

ವರದಕ್ಷಿಣೆಯ ಮಾತುಕತೆ ಹೇಗೆ ನಡೆಯುತ್ತದೆಂದು ನಮಗೆ ಗೊತ್ತಿದೆ. ಹಿರಿಯರು ಪಡಸಾಲೆಯಲ್ಲಿ ಕೂತು ಎಷ್ಟು ತೊಲ, ಎಷ್ಟು ರೊಕ್ಕ, ಯಾರ ಖರ್ಚು ಎಂದು ತೀರ್ಮಾನಿಸುತ್ತಾರೆ. ಹುಡುಗಿಯನ್ನು ಕರೆಯುವುದು ಚಹಾ ತಟ್ಟೆ ಹಿಡಿದು ಬರಲು, ಕೊನೆಗೆ ತಲೆಯಾಡಿಸಲು. ಆ ಸಭಾಂಗಣದಲ್ಲಿ ನಾವು ಅದೇ ಹುಡುಗಿಯಾಗಿದ್ದೆವು.

ಹಣದ ಅನ್ಯಾಯವನ್ನಾದರೂ ಹಲ್ಲು ಕಚ್ಚಿ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಕೋಷ್ಟಕದ ಮೊದಲ ಸಾಲು. ನಮ್ಮ ಸಂಘಕ್ಕೆ ಬಂದ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ತವರಿನಿಂದ ಬೈಕಿನ ಹಣ ತರಲಿಲ್ಲವೆಂದು ಗಂಡ ಹೊಡೆದಾಗ ಆಕೆ ಮೊದಲ ಬಾರಿ ದೂರು ಕೊಟ್ಟಳು. ಠಾಣೆಯಲ್ಲಿ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ, ರಾಜಿ ಪತ್ರ ಬರೆಸಿ ಕಳಿಸಿದರು. ಏಳು ತಿಂಗಳ ನಂತರ ಮತ್ತೆ ಬಂದಳು. ಮತ್ತೆ ರಾಜಿ, ಮತ್ತೆ ಸಹಿ. ಮೂರನೆಯ ಬಾರಿ ಆಕೆ ಬಂದದ್ದು ಆಸ್ಪತ್ರೆಗೆ, ಮುರಿದ ಮುಂಗೈ ಮತ್ತು ಸುಟ್ಟ ತೊಡೆಯೊಂದಿಗೆ. ಕೇಸಿನ ಚೀಟಿಯಲ್ಲಿ ‘ಸ್ಟೌವಿನಿಂದ ಆಕಸ್ಮಿಕ’ ಎಂದಿತ್ತು. ಆ ಅರ್ಜಿಯ ಲೆಕ್ಕದಲ್ಲಿ ಈ ಹೆಂಗಸು ಎರಡು ಯಶಸ್ಸು! ಎರಡು ಬಾರಿ ‘ಒಂದುಗೂಡಿಸಿದ ಕುಟುಂಬ’! ಆಕೆ ಗಂಡನ ಮನೆ ಬಿಟ್ಟು, ಗಾರ್ಮೆಂಟ್ಸಿನಲ್ಲಿ ದುಡಿದು, ಮಗಳನ್ನು ಓದಿಸುತ್ತಿರುವ ಇಂದಿನ ದಿನ ಆ ಕೋಷ್ಟಕದ ಪ್ರಕಾರ ಸೋಲು.

ಗುರಿ ಮುಟ್ಟದಿದ್ದರೆ ಮುಂದಿನ ಕಂತು ಬಿಡುಗಡೆಯಾಗದು. ಕಂತು ಬರದಿದ್ದರೆ ಆಪ್ತಸಲಹೆಗಾರ್ತಿಗೆ ಸಂಬಳವಾಗದು. ಹೀಗಿರುವಾಗ ಆಕೆ ಎಷ್ಟೇ ಒಳ್ಳೆಯವಳಾಗಿರಲಿ, ಎದುರು ಕೂತ ಹೆಂಗಸಿಗೆ ‘ಇನ್ನೊಮ್ಮೆ ಹೊಂದಿಕೊಂಡು ನೋಡಮ್ಮಾ’ ಎನ್ನುವ ಒತ್ತಡ ಅರ್ಜಿಯ ಒಳಗೇ ಹುಟ್ಟಿಕೊಳ್ಳುತ್ತದೆ. ಮನೆಗೆ ಮರಳುವುದು ಹೆಂಗಸಿನ ನಿರ್ಧಾರವಾದರೆ ನಾವು ಜೊತೆಗಿರುತ್ತೇವೆ. ಅದು ಯೋಜನೆಯ ಗುರಿಯಾದರೆ ನಾವು ಅದರ ದಲ್ಲಾಳಿಗಳಾಗುತ್ತೇವೆ. ದೇಶದಲ್ಲಿ 2022ರ ಒಂದೇ ವರ್ಷ 6,000ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವು. ಅವರಲ್ಲಿ ಎಷ್ಟು ಮಂದಿಯನ್ನು ಯಾರು ಯಾರು ‘ಒಂದುಗೂಡಿಸಿ’ ಕಳಿಸಿದ್ದರು ಎಂದು ಯಾವ ಕೋಷ್ಟಕವೂ ಕೇಳುವುದಿಲ್ಲ.

ಇನ್ನೊಂದು ಸಾಲು ‘ಯಶೋಗಾಥೆ’ಗಳದ್ದು. ಮೂರು ತಿಂಗಳಿಗೆ ಇಷ್ಟು ಎಂದು ಫೋಟೋ ಸಮೇತ ಕಳಿಸಬೇಕಂತೆ. ಇಂಥ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬಹುದು ಎಂದು ಕಾಯಿದೆಯ 16ನೇ ಕಲಂ ನ್ಯಾಯಾಲಯಕ್ಕೇ ಅಧಿಕಾರ ಕೊಟ್ಟಿದೆ. ಅಂಥದ್ದರಲ್ಲಿ ಕಂಪನಿಯ ವಾರ್ಷಿಕ ವರದಿಗೆ ಆಕೆಯ ಮುಖ ಬೇಕೇ? ಪಾಲುದಾರರೆಲ್ಲ ಒಂದೇ ಕಡತ ನೋಡಬಹುದು ಎಂಬ ವ್ಯವಸ್ಥೆಯೂ ಅಲ್ಲಿತ್ತು. ಗಂಡ ಅದೇ ಕಂಪನಿಯ ನೌಕರನಾದರೆ? ಅದೇ ಠಾಣೆಯ ಪೇದೆಯಾದರೆ? ಆಕೆ ಅಡಗಿರುವ ವಿಳಾಸ ಯಾರ ಮೇಜಿನ ಮೇಲೆ ಬೀಳುತ್ತದೆ?

ನಮ್ಮನ್ನು ಎರಡು ಕಡೆಯಿಂದ ಟೀಕಿಸುವವರಿದ್ದಾರೆ. ಚಳವಳಿ ಯಾರ ಹಣವನ್ನೂ ಮುಟ್ಟಬಾರದು, ಮುಟ್ಟಿದರೆ ಹೋರಾಟ ಪ್ರಾಜೆಕ್ಟಾಗುತ್ತದೆ ಎನ್ನುವ ಹಳೆಯ ಗೆಳತಿಯರಿಗೆ ನಮ್ಮ ಗೌರವವಿದೆ. ಅವರ ಎಚ್ಚರಿಕೆ ಸುಳ್ಳಾಗಿಲ್ಲ. ಆದರೆ ದಿನಗೂಲಿಯವಳು ತನ್ನ ಕೂಲಿ ಬಿಟ್ಟು ಇನ್ನೊಬ್ಬಳ ಜೊತೆ ಕೋರ್ಟಿಗೆ ಹೋಗಬೇಕಾದಾಗ ಆ ದಿನದ ಕೂಲಿ ಯಾರು ತುಂಬಿಕೊಡಬೇಕು? ಹಣವಿಲ್ಲದ ಶುದ್ಧ ಹೋರಾಟದ ಖರ್ಚು ಕೊನೆಗೆ ಬಡವಳ ಸೆರಗಿನ ಗಂಟಿನಿಂದಲೇ ಹೋಗುತ್ತದೆ. ಇನ್ನು ‘ಮೊದಲು ಹಣ ಬರಲಿ, ಷರತ್ತು ಆಮೇಲೆ’ ಎನ್ನುವವರಿಗೆ ನಮ್ಮ ಉತ್ತರ: ಸಹಿಗೆ ಮುಂಚೆ ಮಾತಾಡಲು ಪುರುಸೊತ್ತಿಲ್ಲದವರಿಗೆ ಸಹಿಯ ನಂತರ ಪುರುಸೊತ್ತು ಯಾಕೆ ಆದೀತು?

ಬೇರೆ ರೀತಿಯಲ್ಲಿ ಕೂಡಲು ಸಾಧ್ಯ ಎಂಬುದಕ್ಕೆ ಉದಾಹರಣೆ ಇದೆ. ಮುಂಬೈನ ಬಾಂದ್ರಾದಲ್ಲಿರುವ ನಗರಪಾಲಿಕೆಯ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ ‘ದಿಲಾಸಾ’ ಎಂಬ ಕೇಂದ್ರ ಶುರುವಾಯಿತು. ನಗರಪಾಲಿಕೆ ಮತ್ತು ‘ಸೆಹತ್’ ಎಂಬ ಸಂಶೋಧನಾ ಸಂಸ್ಥೆ ಕೂಡಿ ಅದನ್ನು ಕಟ್ಟಿದವು. ಹೊರಗಿನವರು ಆಸ್ಪತ್ರೆಯ ಮೂಲೆಯಲ್ಲಿ ಒಂದು ಮೇಜು ಹಾಕಿ ಕೂರಲಿಲ್ಲ. ಆಸ್ಪತ್ರೆಯ ನೌಕರರೇ ತರಬೇತಿ ಪಡೆದು, ಗಾಯ ನೋಡಿದಾಗ ಹಿಂಸೆಯನ್ನು ಗುರುತಿಸಿ ಹೆಂಗಸನ್ನು ಕೇಂದ್ರಕ್ಕೆ ಕಳಿಸುವುದನ್ನು ಕಲಿತರು. ಕೆಲವು ವರ್ಷಗಳ ನಂತರ ಆಸ್ಪತ್ರೆಯೇ ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ ನಗರದ ಬೇರೆ ಆಸ್ಪತ್ರೆಗಳಿಗೂ ಅದು ಹರಡಿತು. ದಾನಿಯ ಹಣ ಮುಗಿದ ದಿನ ಕೆಲಸ ಯಾರದಾಗಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು.

ಉತ್ತರವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವಿನೊಂದಿಗೆ ಆರಂಭವಾದ ಕೇಂದ್ರದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಿಂದ ಕರ್ನಾಟಕದ ಹಳ್ಳಿಗಳಲ್ಲಿ ದಲಿತ ಮತ್ತು ಬಡ ಹೆಂಗಸರ ಸಂಘಗಳನ್ನು ಕಟ್ಟಿತು. ಕಾಲು ಶತಮಾನದ ಮೇಲೆ ಕೇಂದ್ರದ ಬೆಂಬಲ ನಿಂತಿತು, ಜೀವನೋಪಾಯದ ಮಿಷನ್ನಿನಲ್ಲಿ ಅದನ್ನು ಸೇರಿಸುವ ತೀರ್ಮಾನವಾಯಿತು. ಸಂಘದ ಹೆಂಗಸರನ್ನು ಯಾರು ಕೇಳಿದರು? ಅಷ್ಟು ದೊಡ್ಡ ಕಾರ್ಯಕ್ರಮಕ್ಕೇ ಈ ಗತಿಯಾದರೆ, ಎರಡು ಮೂರು ವರ್ಷದ ಅನುದಾನದ ಮೇಲೆ ತೆರೆದ ಆಶ್ರಯಧಾಮದ ಪಾಡೇನು? ಅದರಲ್ಲಿ ಮಲಗಿದವಳು ಮಾರ್ಚ್ 31ರ ರಾತ್ರಿ ಎಲ್ಲಿಗೆ ಹೋಗಬೇಕು?

ಆದ್ದರಿಂದ ನಮ್ಮ ಸಂಘ ಕೂತು ಚರ್ಚಿಸಿ ಕೆಲವು ಷರತ್ತುಗಳನ್ನು ಬರೆದುಕೊಂಡಿದೆ. ಇತರ ಸಂಘಗಳೂ ಇವನ್ನು ತಮ್ಮಲ್ಲಿ ಚರ್ಚಿಸಿ ತಿದ್ದಲಿ ಎಂಬ ಆಸೆಯಿಂದ ಇಲ್ಲಿ ಇಡುತ್ತಿದ್ದೇವೆ.

ಒಂದು, ಅರ್ಜಿ ಬರೆಯುವ ಮೊದಲ ದಿನವೇ ನಮ್ಮನ್ನು ಕರೆಯಬೇಕು. ಅರ್ಜಿ ಮತ್ತು ಬಜೆಟ್ಟು ಎರಡೂ ಕನ್ನಡದಲ್ಲಿ ನಮ್ಮ ಕೈಗೆ ಬರಬೇಕು, ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಲು ಸಮಯವಿರಬೇಕು.

ಎರಡು, ಯಾರ ಕೆಲಸ ಏನು, ಯಾರಿಗೆ ಎಷ್ಟು ಹಣ ಎಂಬ ಒಪ್ಪಂದ ಸಹಿಗೆ ಮೊದಲೇ ಲಿಖಿತವಾಗಬೇಕು. ಹಣ ವರ್ಗಾಯಿಸಲು ಕಾನೂನು ಬಿಡದಿದ್ದರೆ ಆ ಕೆಲಸ ಮಾಡುವ ನಮ್ಮ ಸದಸ್ಯೆಯರನ್ನು ಸಂಬಳದ ಮೇಲೆ ನೇಮಿಸಲಿ. ಯಾರನ್ನು ನೇಮಿಸಬೇಕು ಎಂಬುದನ್ನು ಸಂಘ ಹೇಳಲಿ. ರಾತ್ರಿಯ ಕೆಲಸ, ಆಟೋ ಬಾಡಿಗೆ, ತಪ್ಪಿದ ಕೂಲಿ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲುಗಳಾಗಲಿ.

ಮೂರು, ರಾಜಿಯನ್ನು ಸಾಧನೆಯೆಂದು ಎಣಿಸಕೂಡದು. ಎಣಿಸಲೇಬೇಕಾದರೆ ಇವನ್ನು ಎಣಿಸಿ: ಎಷ್ಟು ಗಾಯಗಳನ್ನು ವೈದ್ಯರು ನಿಜವಾದ ಕಾರಣದೊಂದಿಗೆ ದಾಖಲಿಸಿದರು, ಎಷ್ಟು ಅರ್ಜಿಗಳಿಗೆ ಮೂರು ದಿನದೊಳಗೆ ವಿಚಾರಣೆ ಸಿಕ್ಕಿತು, ಎಷ್ಟು ಮಂದಿಗೆ ಆದೇಶವಾದ ಜೀವನಾಂಶ ನಿಜವಾಗಿ ಕೈಸೇರಿತು, ಒಂದು ವರ್ಷದ ನಂತರ ಎಷ್ಟು ಮಂದಿ ಹೊಡೆತವಿಲ್ಲದೆ ಬದುಕುತ್ತಿದ್ದಾರೆ.

ನಾಲ್ಕು, ಹೆಂಗಸಿನ ಮಾತು ಹೆಂಗಸಿನದು. ಆಕೆ ಒಪ್ಪದೆ ಹೆಸರು, ಫೋಟೋ, ವಿಳಾಸ ಯಾವ ಪಾಲುದಾರರಿಗೂ ಹೋಗಬಾರದು.

ಐದು, ಪಾಲುದಾರರಾದ ಠಾಣೆಯೋ ಆಸ್ಪತ್ರೆಯೋ ಕರ್ತವ್ಯ ಮರೆತರೆ ಅದರ ಮುಂದೆ ಧರಣಿ ಕೂರುವ ಹಕ್ಕು ನಮ್ಮಲ್ಲೇ ಉಳಿಯಬೇಕು. ಅನುದಾನ ನಮ್ಮ ಬಾಯಿಗೆ ಬೀಗವಾಗಬಾರದು.

ಆರು, ಹಣ ಮುಗಿದ ಮರುದಿನ ಯಾವ ಕೆಲಸವನ್ನು ಯಾವ ಇಲಾಖೆ ವಹಿಸಿಕೊಳ್ಳುತ್ತದೆ ಎಂಬುದು ಆ ಇಲಾಖೆಯ ಸಹಿಯೊಂದಿಗೆ ಅರ್ಜಿಯಲ್ಲೇ ಇರಬೇಕು.

ಇದರ ಜೊತೆಗೆ ಸರ್ಕಾರದ ಬಾಗಿಲನ್ನು ತಟ್ಟುವುದನ್ನು ನಿಲ್ಲಿಸುವಂತಿಲ್ಲ. ಪೂರ್ಣಾವಧಿ ಸಂರಕ್ಷಣಾಧಿಕಾರಿ, ಅವರಿಗೆ ವಾಹನ, ತಾಲ್ಲೂಕಿಗೊಂದು ಆಶ್ರಯಧಾಮ ನಮ್ಮ ಹಕ್ಕು. ಯಾವ ಅನುದಾನ ಬಂದರೂ ಈ ಬೇಡಿಕೆ ಇದ್ದೇ ಇರುತ್ತದೆ. ಉಚಿತ ಕಾನೂನು ನೆರವನ್ನಂತೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಪ್ರತಿ ಹೆಂಗಸಿಗೂ, ಆಕೆಯ ಆದಾಯ ಎಷ್ಟೇ ಇರಲಿ, ಕೊಟ್ಟಿದೆ. ಅದಕ್ಕೆ ಯಾವ ದಾನಿಯೂ ಬೇಕಾಗಿಲ್ಲ; ಕೇಳಿ ಪಡೆಯಬೇಕಷ್ಟೇ.

ನಾವು ಸಹಿ ಹಾಕದ ಅರ್ಜಿ ನಮ್ಮ ಹೆಸರಿಲ್ಲದೆಯೇ ಹೋಯಿತು. ಹಣ ಬಂತೋ ಇಲ್ಲವೋ ನಮಗೆ ಯಾರೂ ತಿಳಿಸಿಲ್ಲ. ಆದರೆ ಆ ಆಸ್ಪತ್ರೆಯ ಒಬ್ಬ ನರ್ಸಮ್ಮ ಹದಿನೈದು ದಿನದ ನಂತರ ನಮ್ಮ ಸಂಘದ ಸಭೆಗೆ ತಾವಾಗಿಯೇ ಬಂದರು. ಸುಟ್ಟ ಗಾಯದ ಹೆಂಗಸು ಬಂದಾಗ ಗಂಡ, ಅತ್ತೆಯನ್ನು ಹೊರಗೆ ಕಳಿಸಿ ಆಕೆಯನ್ನು ಒಂಟಿಯಾಗಿ ಮಾತಾಡಿಸುವುದು ಹೇಗೆ, ಏನು ಕೇಳಬೇಕು ಎಂದು ನಮ್ಮ ಹೆಂಗಸರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರು. ಅವರ ಬಳಿ ಬಜೆಟ್ಟಿರಲಿಲ್ಲ, ನಮ್ಮ ಬಳಿಯೂ ಇಲ್ಲ. ಮುಂದಿನ ಅರ್ಜಿಯನ್ನು ಆ ಒಂದು ಹಾಳೆಯಿಂದ ಶುರುಮಾಡುತ್ತೇವೆ. ಅದನ್ನು ಕನ್ನಡದಲ್ಲೇ ಬರೆಯುತ್ತೇವೆ. ಗೆಳತಿಯರೇ, ನಿಮ್ಮ ಊರಿಗೂ ಇಂಥ ಅರ್ಜಿ ಬಂದಿದ್ದರೆ ಅದರ ಷರತ್ತುಗಳನ್ನು, ನೀವು ಹೇಳಿದ ಉತ್ತರವನ್ನು ಪತ್ರಿಕೆಗೆ ಬರೆದು ಕಳಿಸಿ. ಸಹಿ ಹಾಕುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ.